ಅಂಗಳದ ಕ್ಯಾಂಪರ್, ಎರಡು ದರಿದ್ರ ನಾಯಿಗಳು

ಆಗಸ್ಟ್ 24, ಭಾನುವಾರ

ರಸ್ತೆ ಇಲಾಖೆಯಲ್ಲಿ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದಾಗ ದಿನವೂ ಇಂಥ ಒಂದು ದಿನಚರಿ ಪುಸ್ತಕ ತುಂಬಬೇಕಿತ್ತು. ಎಷ್ಟು ಮೈಲಿ ಹೋದದ್ದು, ಹಿಮ ಕರಗಲು ಎಷ್ಟು ಉಪ್ಪು ಚೆಲ್ಲಿದ್ದು, ಕೊನೆಗೆ ‘ಗುದ್ದಿದ್ದು’ ಎಂದು ಅಚ್ಚು ಹಾಕಿಸಿದ ಒಂದು ಕಾಲಂ. ಬೇರೆ ಚಾಲಕರು ಆ ಕಾಲಮ್ಮಿನಲ್ಲಿ ಊರವರ ಟಪಾಲು ಡಬ್ಬಿಗಳ ಮರಣಪಟ್ಟಿಯನ್ನೇ ಬರೆಯುತ್ತಿದ್ದರು. ರಸ್ತೆಯಂಚಿನ ಕಂಬದ ಮೇಲೆ ನಿಂತ ಆ ಬಡಪಾಯಿ ಡಬ್ಬಿಗಳನ್ನು ಹಿಮದ ಜೊತೆ ಹೊಲಕ್ಕೆ ಹಾರಿಸದ ಚಾಲಕ ಈ ಕೌಂಟಿಯಲ್ಲೇ ಇಲ್ಲ, ನನ್ನೊಬ್ಬನನ್ನು ಬಿಟ್ಟು. ಮೂವತ್ತೊಂದು ಚಳಿಗಾಲ ಆ ಕಾಲಮ್ಮಿನಲ್ಲಿ ಈ ಆರ್ವೋ ಹೈಕಿಲಾ ಬರೆದದ್ದು ಒಂದೇ ಮಾತು: ಇಲ್ಲ.

ನಿವೃತ್ತನಾದ ದಿನ ನಾಲ್ಕು ಖಾಲಿ ಪುಸ್ತಕ ಮನೆಗೆ ತಂದಿದ್ದೆ. ಮೂರು ವರ್ಷ ಬರೆಯುವಂಥದ್ದೇನೂ ಆಗಲಿಲ್ಲ. ಈಗ ಆಗಿದೆ. ನನ್ನ ಅಂಗಳಕ್ಕೆ ಮೂರು ಪೀಡೆಗಳು ಬಂದು ಬಿದ್ದಿವೆ. ಒಂದು ಕ್ಯಾಂಪರ್, ಅಂದರೆ ಟ್ರಕ್ಕಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ, ಮತ್ತೆ ಎರಡು ನಾಯಿ.

ಮಗಳು ಸೈಮಿ ಒಂಬತ್ತು ವರ್ಷದ ಸಂಸಾರ ಮುಗಿಸಿ ಮನೆಗೆ ಬಂದಿದ್ದಾಳೆ. ಅಳಿಯ, ಅಂದರೆ ಮಾಜಿ ಅಳಿಯ, ಡ್ವೇನ್ ಮಹಾಶಯ ಸರೋವರದಲ್ಲಿ ಅದಿರು ಸಾಗಿಸುವ ಹಡಗಿನಲ್ಲಿ ಕೆಲಸಕ್ಕಿದ್ದಾನೆ. ವರ್ಷದ ಮುಕ್ಕಾಲು ಪಾಲು ನೀರಿನ ಮೇಲೆ ಇರುವವನಿಗೆ ನೆಲದ ಮೇಲಿನ ಸಂಸಾರ ಒಣಗಿದ್ದು ಗೊತ್ತೇ ಆಗಲಿಲ್ಲವಂತೆ. ಶುಕ್ರವಾರ ಇಬ್ಬರೂ ಕೋರ್ಟು ನೇಮಿಸಿದ ಮಧ್ಯಸ್ಥಗಾರ್ತಿಯ ಮುಂದೆ ಕೂತು ಎಲ್ಲ ಹಂಚಿಕೊಂಡರು, ಸೈಮಿಯ ಜೊತೆ ನಾನೂ ಹೋಗಿದ್ದೆ. ಕ್ಯಾಂಪರ್ ಅವನಿಗೆ, ನಾಯಿಗಳು ಇವಳಿಗೆ. ಅಲ್ಲಿಗೆ ಎದ್ದು ಬರಬೇಕಿತ್ತು.

‘ನಾಯಿಗಳು ನನಗೂ ಬೇಕು. ಇವಳ ಕೈಲಿ ಅವನ್ನ ಹಿಡಿಯಕ್ಕಾಗಲ್ಲ. ಹೋದ ವಸಂತದಲ್ಲಿ ನನ್ನ ಟ್ರಕ್ಕಿನ ಸೀಟೇ ತಿಂದುಹಾಕಿದ್ವು,’ ಅಂದ ಡ್ವೇನ್. ‘ಅದೂ ಅಲ್ದೆ, ನಾನು ಹಡಗಿಂದ ಇಳಿಯೋದು ಅಕ್ಟೋಬರ್ ಹನ್ನೊಂದಕ್ಕೆ. ಅಲ್ಲೀವರೆಗೂ ಕ್ಯಾಂಪರ್ ಎಲ್ಲಿಡ್ಲಿ?’

‘ನನ್ನ ಅಂಗಳದಲ್ಲಿಡು,’ ಅಂದೆ.

‘ಆ ನಾಯಿಗಳ ಜೊತೇಲಾ?’ ಎಂದು ನಕ್ಕ.

ಆ ನಗು ನನಗೆ ನೆತ್ತಿಗೇರಿತು. ‘ಬರ್ಕೊಳ್ಳಮ್ಮ,’ ಅಂದೆ ಮಧ್ಯಸ್ಥಗಾರ್ತಿಗೆ. ‘ನಾಯಿ ಹಲ್ಲು ಆ ಕ್ಯಾಂಪರ್‌ಗೆ ತಾಗಿದ್ರೆ ನಾಯಿಗಳೂ ಅವನಿಗೇ. ಮೂವತ್ತೊಂದು ವರ್ಷದಲ್ಲಿ ಒಂದು ಟಪಾಲು ಡಬ್ಬಿ ಮುಟ್ಟಿದವನಲ್ಲ ನಾನು. ಈ ಡಬ್ಬ ಕಾಯೋದು ಒಂದು ಕೆಲಸಾನಾ?’

ಆಕೆ ಬರೆದೇಬಿಟ್ಟಳು. ಎಲ್ಲರೂ ಸಹಿ ಹಾಕಿದೆವು. ಸೈಮಿ ನನ್ನ ಮುಖ ನೋಡಿದಳು. ಈಚೆಗೆ ಅವಳು ಏನೂ ಹೇಳುವುದೇ ಇಲ್ಲ.

ನಾಯಿಗಳ ಬಗ್ಗೆ ಬರೆಯುವುದು ಕಾಗದಕ್ಕೆ ದಂಡ. ಒಂದು ಬಿಳಿ ಮೈಮೇಲೆ ಕರಿ ಮಚ್ಚೆಯ ಹೆಣ್ಣು, ಕಿವಿಗಳು ಒಣಗಹಾಕಿದ ಕಾಲುಚೀಲದಂತೆ ನೇತಾಡುತ್ತವೆ. ಇನ್ನೊಂದು ಕಂದು ಗಂಡು, ಯಾವ ತಳಿಯೆಂದು ಅದರ ತಾಯಿಗೂ ಗೊತ್ತಿರಲಾರದು. ಮೇಬಲ್, ಗಸ್ ಎಂದು ಹೆಸರೂ ಉಂಟಂತೆ. ನನಗೆ ಅವು ಮಚ್ಚೆ, ಕಂದು. ನಾಯಿಯನ್ನು ಮನುಷ್ಯರ ಹೆಸರು ಹಿಡಿದು ಕರೆಯುವಷ್ಟು ನನಗಿನ್ನೂ ಅರಳುಮರಳಾಗಿಲ್ಲ.

ಗುದ್ದಿದ್ದು: ಇಲ್ಲ.

ಆಗಸ್ಟ್ 26, ಮಂಗಳವಾರ

ಕ್ಯಾಂಪರಿನ ಅಡಿಗೆ ತೆವಳಿ ನೋಡಿದೆ. ಅಂದುಕೊಂಡ ಹಾಗೇ ಇತ್ತು. ಚೌಕಟ್ಟಿನ ಕಬ್ಬಿಣಕ್ಕೆ ತುಕ್ಕು ಹತ್ತಿದೆ. ಚಳಿಗಾಲದ ರಸ್ತೆಯ ಉಪ್ಪು ಕಬ್ಬಿಣವನ್ನು ಹೇಗೆ ತಿನ್ನುತ್ತದೆಂದು ಈ ಮಿಷಿಗನ್ನಿನ ಮೇಲ್ತುದಿಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು, ಡ್ವೇನ್‌ಗೆ ಮಾತ್ರ ಗೊತ್ತಿಲ್ಲ. ಇಟ್ಟುಹೋದದ್ದಕ್ಕಿಂತ ಚೆನ್ನಾಗಿ ಮಾಡಿ ಅವನ ಕೈಗೆ ಕೊಡುತ್ತೇನೆ. ಆಗ ಬಾಯಿ ತೆರೆಯಲಿ ನೋಡೋಣ.

ಇಡೀ ಅಡಿಭಾಗಕ್ಕೆ ಉಣ್ಣೆಜಿಡ್ಡು ಹೊಡೆದೆ. ಕುರಿಯ ಉಣ್ಣೆಯಿಂದ ತೆಗೆದ ಹಳದಿ ಜಿಡ್ಡು ಅದು. ಇಲಾಖೆಯ ಲಾರಿಗಳಿಗೆಲ್ಲ ಪ್ರತಿ ಶರತ್ಕಾಲದಲ್ಲಿ ನಾನೇ ಹೊಡೆಯುತ್ತಿದ್ದೆ, ಒಂದಕ್ಕೂ ತುಕ್ಕು ಬಂದದ್ದಿಲ್ಲ. ಒದ್ದೆ ಸ್ವೆಟರಿನ ವಾಸನೆ ಬರುತ್ತದೆ, ಅಷ್ಟೆ. ನನ್ನ ಬೂಟುಗಳಿಗೂ ಅದನ್ನೇ ತಿಕ್ಕುತ್ತೇನೆ. ಹನ್ನೊಂದು ವರ್ಷದ ಬೂಟು, ಇನ್ನೂ ನೀರು ಒಳಗೆ ಹೋಗಿಲ್ಲ.

ನಾನು ಕೆಲಸ ಮಾಡುವಷ್ಟು ಹೊತ್ತೂ ಎರಡೂ ನಾಯಿಗಳು ಪಕ್ಕದಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡಿದವು. ಕೆಲಸದ ಮೇಲೆ ಇಷ್ಟು ಗಮನ ಇಲಾಖೆಯಲ್ಲಿ ಯಾರಿಗೂ ಇರಲಿಲ್ಲ.

ಆಗಸ್ಟ್ 29, ಶುಕ್ರವಾರ

ರಾಕ್ಷಸರು! ಕ್ಯಾಂಪರಿನ ಹೊಟ್ಟೆಯಡಿ ಹೊದಿಸಿದ ಕಪ್ಪು ಪ್ಲಾಸ್ಟಿಕ್ ಹಾಳೆಯನ್ನು ಒಂದು ಮೂಲೆಯಿಂದ ಮೊಳದುದ್ದ ಸಿಗಿದು ಹಾಕಿವೆ. ನಾನು ಕಾಫಿ ಕುಡಿದು ಬರುವಷ್ಟರಲ್ಲಿ. ಕಂದು ಅಡಿಯಿಂದ ಹೊರಗೆ ಬಂದು ತುಟಿ ನೆಕ್ಕಿಕೊಳ್ಳುತ್ತಾ ನನ್ನ ಕಡೆ ಬಾಲ ಆಡಿಸಿತು. ನಾಚಿಕೆ ಎಂಬುದು ಅದರ ವಂಶದಲ್ಲೇ ಇಲ್ಲ.

ಹೊಸ ಹಾಳೆ ಹಾಕಿದೆ. ಅಂಚುಗಳಿಗೆ ಉಣ್ಣೆಜಿಡ್ಡು ಎರಡು ಸುತ್ತು ಬಳಿದೆ. ನಾಯಿ ಮುಟ್ಟಿದ ಗುರುತೇ ಕಾಣುವುದಿಲ್ಲ.

ಸೆಪ್ಟೆಂಬರ್ 1, ಸೋಮವಾರ

ರಜಾದಿನ. ಊರೆಲ್ಲ ಮಾಂಸ ಸುಡುತ್ತಿದೆ. ನಾನು ನಾಯಿ ಕಟ್ಟಿಹಾಕಲು ಗೂಟ ಹೊಡೆದೆ.

ಮಚ್ಚೆ ಸುಮ್ಮನಿತ್ತು. ಸರಪಳಿಯ ಸದ್ದು ಕೇಳಿದ್ದೇ ತಡ, ಕಂದು ನೆಲಕ್ಕೆ ಹೊಟ್ಟೆ ಅಂಟಿಸಿ ಮಲಗಿ ಊಳಿಡಲು ಶುರುಮಾಡಿತು. ಸಣ್ಣಗೆ ಮಳೆ ಬೇರೆ. ಒಳಗಿನಿಂದ ಸೈಮಿ ಬಂದು ಅದರ ಪಕ್ಕ ಮಣ್ಣಿನಲ್ಲೇ ಕೂತಳು.

‘ಏಳೇ, ನೆನೀತಿದೀಯ,’ ಅಂದೆ.

‘ನಾವು ತರೋ ಮುಂಚೆ ಎರಡು ವರ್ಷ ಇವನನ್ನ ಒಂದು ಕೊಟ್ಟಿಗೇಲಿ ಸರಪಳಿ ಹಾಕಿ ಬಿಟ್ಟಿದ್ರಂತೆ ಅಪ್ಪ. ಕತ್ತಿನ ಕೂದಲು ಈಗ್ಲೂ ಬೆಳೆದಿಲ್ಲ, ನೋಡಿ.’

ಮನೆಗೆ ಬಂದ ಮೇಲೆ ಅವಳು ಆಡಿದ ಅತಿ ಉದ್ದದ ಮಾತು ಇದು, ಅದೂ ನಾಯಿಯ ಬಗ್ಗೆ. ಸರಪಳಿ ಬಿಚ್ಚಿ ಶೆಡ್ಡಿಗೆ ಎಸೆದೆ. ಊಳು ಕೇಳಿ ನನಗೆ ತಲೆನೋವು ಬರುತ್ತಿತ್ತು, ಅದಕ್ಕೆ.

ಸೆಪ್ಟೆಂಬರ್ 5, ಶುಕ್ರವಾರ

ಹಿಮ ತಡೆಯಲು ರಸ್ತೆಬದಿಗೆ ಹಾಕುವ ಪಟ್ಟಿಬೇಲಿಯನ್ನು ಕ್ಯಾಂಪರಿನ ಸುತ್ತ ಹಾಕಿದೆ. ಬಿರುಗಾಳಿಯನ್ನೇ ತಡೆದ ಬೇಲಿ ಅದು. ಮಚ್ಚೆ ಅಡಿಯಲ್ಲಿ ಮಣ್ಣು ತೋಡಿ ನಲವತ್ತು ನಿಮಿಷದಲ್ಲಿ ಒಳಗಿದ್ದಳು. ಹಾಳೆ ಮತ್ತೆ ಹರಿದಿದೆ. ಸರಿಯಾಗಿ ನಾನು ರಿಪೇರಿ ಮಾಡಿದ ಜಾಗದಲ್ಲೇ! ಬೇರೆ ಎಲ್ಲೂ ಹಲ್ಲು ಹಾಕಿಲ್ಲ. ಇದು ಹಸಿವಲ್ಲ, ಹಗೆ.

ಪಕ್ಕದ ಮನೆಯ ರೋಲಂಡ್ ಎರಡು ಮನೆಗಳ ನಡುವಿನ ಬೇಲಿಯ ಆಚೆ ನಿಂತು ತಮಾಷೆ ನೋಡುತ್ತಿದ್ದ. ನಾವಿಬ್ಬರೂ ಒಂದೇ ತರಗತಿಯವರು. ಅವನಿಗೆ ಗೊತ್ತಿಲ್ಲದ ವಿಷಯ ಲೋಕದಲ್ಲಿಲ್ಲ, ಬರುವ ಕೆಲಸ ಒಂದೂ ಇಲ್ಲ.

‘ಲೋ ಆರ್ವೋ, ನನ್ನ ಕೊಟ್ಟಿಗೇಲಿ ನಿಲ್ಸೋ ಅದನ್ನ. ಬಾಗಿಲು ಹಾಕ್ಬಿಟ್ರೆ ಮುಗೀತು.’

‘ಸಹಿ ಹಾಕಿರೋದು ನನ್ನ ಅಂಗಳಕ್ಕೆ. ನಿನ್ನ ಕೊಟ್ಟಿಗೆಗಲ್ಲ.’

‘ಹಂಗಾದ್ರೆ ಖಾರ ಹೊಡಿ. ಮೆಣಸಿನಪುಡಿ ನೀರಿಗೆ ಹಾಕಿ ಹೊಡಿ. ಹತ್ರ ಸುಳಿದ್ರೆ ನನ್ನ ಕೇಳು.’

ಸುಮ್ಮನೆ ಆಗಲಿ ಎಂದೆ. ಪಟ್ಟಿಬೇಲಿ ಕಿತ್ತು ಶೆಡ್ಡಿಗೆ ಹಾಕಿದೆ. ಹಾಳೆ ಹೊಸದು. ಜಿಡ್ಡು ಮೂರು ಸುತ್ತು.

ಗುದ್ದಿದ್ದು: ಇಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಬಲಗಣ್ಣು ತೆರೆಯುತ್ತಿಲ್ಲ. ಅಕ್ಷರ ಸೊಟ್ಟಗಿದ್ದರೆ ರೋಲಂಡನೇ ಕಾರಣ.

ಮೆಣಸಿನ ನೀರನ್ನು ಕ್ಯಾಂಪರಿನ ಅಡಿಗೆ ಹೊಡೆಯುವಾಗ ಗಾಳಿ ತಿರುಗಿತು. ನಾನು ಅಂಗಳದ ನಲ್ಲಿಗೆ ಕುರುಡನಂತೆ ಓಡುವಾಗ ಬಕೆಟ್ಟಿನಲ್ಲಿ ಕಾಲಿಟ್ಟೆ. ಬಕೆಟ್ ಕಳಚಲಿಲ್ಲ. ಹಾಗೇ ಕುಂಟುತ್ತಾ ಹೋದೆ. ಕಂದು ಇದನ್ನು ಆಟವೆಂದುಕೊಂಡು ಬಕೆಟ್ಟಿಗೆ ಬಾಯಿ ಹಾಕಿ ಎಳೆಯಿತು. ಆಗ ಅಡುಗೆಮನೆಯ ಕಿಟಕಿಯಿಂದ ಒಂದು ಸದ್ದು ಬಂತು. ಯಾರೋ ಕೆಮ್ಮುತ್ತಿದ್ದಾರೆಂದುಕೊಂಡೆ. ಸೈಮಿ ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ಹೆತ್ತ ತಂದೆ ಕುರುಡಾಗುತ್ತಿದ್ದರೆ!

ನಾಯಿಗಳು ಖಾರವನ್ನೂ ನೆಕ್ಕಿವೆ. ಇಷ್ಟವಾದ ಹಾಗಿದೆ.

ಸೆಪ್ಟೆಂಬರ್ 16, ಮಂಗಳವಾರ

ಜಿಂಕೆಗಳನ್ನು ಸೇಬಿನ ಗಿಡದಿಂದ ದೂರ ಇಡಲು ಜನ ಘಾಟು ವಾಸನೆಯ ಸೋಪು ಕಟ್ಟುತ್ತಾರೆ. ರೋಲಂಡನ ಎರಡನೆಯ ಉಪದೇಶ ಅದು. ಆರು ಸೋಪು ತೂಗುಹಾಕಿದೆ. ಕಂದು ಎರಡೂವರೆ ತಿಂದಿತು. ಮಧ್ಯಾಹ್ನವೆಲ್ಲ ಅದರ ಬಾಯಿಂದ ನೊರೆ. ಎದುರು ಮನೆಯ ಹೆಂಗಸು ಹುಚ್ಚುನಾಯಿ ಎಂದು ಶೆರಿಫ್ ಕಚೇರಿಗೆ ಫೋನು ಮಾಡಿದಳು. ಬಂದ ಪೊಲೀಸಿನವನ ಮುಂದೆ ನಾನು ನಾಯಿಯ ಬಾಯಿ ಒರೆಸಿ ತೋರಿಸಬೇಕಾಯಿತು.

ಸಂಜೆ ಅದಕ್ಕೆ ಅನ್ನ ಮತ್ತು ಬೇಯಿಸಿದ ಕೋಳಿ ಕೊಟ್ಟೆ, ಹೊಟ್ಟೆ ಕೆಟ್ಟು ಮನೆಯೊಳಗೆ ಗಲೀಜು ಮಾಡಿದರೆ ತೊಳೆಯುವವನು ನಾನೇ ತಾನೆ. ಮೇಬಲ್ ಬಾಗಿಲಲ್ಲಿ ನಿಂತು ನೋಡುತ್ತಿತ್ತು. ಅದಕ್ಕೂ ಒಂದು ಬಟ್ಟಲು ಹಾಕಿದೆ. ಇಲ್ಲದಿದ್ದರೆ ಅದರ ಹಗೆ ಬೇರೆ.

ಊಟವಾದ ಮೇಲೆ ನಾನು ರೇಡಿಯೋ ಕೇಳುತ್ತಾ ಕೂತರೆ ಎರಡೂ ಬಂದು ನನ್ನ ಬೂಟುಗಳ ಮೇಲೆ ಗಲ್ಲ ಇಟ್ಟು ಮಲಗುತ್ತವೆ. ಸೈಮಿಯ ಕಾಲ ಬಳಿ ಹೋಗುವುದಿಲ್ಲ. ಮನೆಯ ಯಜಮಾನ ಯಾರೆಂದು ಅವಕ್ಕೆ ಅರ್ಥವಾಗಿದೆ. ಅಷ್ಟು ಬುದ್ಧಿ ಇದೆ ಅನ್ನಬಹುದು.

ಸೆಪ್ಟೆಂಬರ್ 27, ಶನಿವಾರ

ಇಲಿ ಸೇರಿಕೊಂಡಿದೆಯೇ ಎಂದು ನೋಡಲು ಮೊದಲ ಸಲ ಕ್ಯಾಂಪರಿನ ಒಳಗೆ ಹೋದೆ.

ಕಿಟಕಿಯ ಕೆಳಗೆ ಡ್ವೇನ್ ಒಂದು ಮರದ ಬೆಂಚು ಮಾಡಿದ್ದಾನೆ. ಮನುಷ್ಯರು ಕೂರಲಾರದಷ್ಟು ತಗ್ಗು. ಮೇಲೆ ರತ್ನಗಂಬಳಿಯ ತುಂಡು. ಅಂಚಿನಲ್ಲಿ ಕಾಸಿದ ಕಬ್ಬಿಣದಿಂದ ಎರಡು ಹೆಸರು ಸುಟ್ಟು ಬರೆದಿದ್ದಾನೆ. ಗಾಡಿ ಓಡುವಾಗ ನಾಯಿಗಳು ಹೊರಗೆ ನೋಡಲಿ ಎಂದು! ಒಂದು ಹೆಂಡತಿಯನ್ನು ಉಳಿಸಿಕೊಳ್ಳಲಾಗದವನು ನಾಯಿಗಳಿಗೆ ಸಿಂಹಾಸನ ಮಾಡಿದ್ದಾನೆ. ಕುಡಿಯುವ ಬಟ್ಟಲು ಜಾರದ ಹಾಗೆ ನೆಲದಲ್ಲಿ ಎರಡು ಗುಂಡಿ ಬೇರೆ ಕೊರೆದಿದ್ದಾನೆ.

ಬೆಂಚನ್ನು ಅಲುಗಿಸಿ ನೋಡಿದೆ. ಅಲುಗಲಿಲ್ಲ. ಮೊಳೆ ಹೊಡೆದಿಲ್ಲ, ಕೀಲು ಕೂಡಿಸಿದ್ದಾನೆ. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಇವನು ನಾಯಿಗಳನ್ನು ಸುಮ್ಮನೆ ಬಿಟ್ಟುಕೊಡುವವನಲ್ಲ. ಅದು ಮಾತ್ರ ಖಚಿತವಾಯಿತು. ಇವತ್ತು ಇಡೀ ಅಡಿಭಾಗಕ್ಕೆ ಮತ್ತೆ ಜಿಡ್ಡು ಹೊಡೆದೆ, ಹಿಂದಿನ ಮೂಲೆಗೆ ಕೈಯಿಂದಲೇ ದಪ್ಪಗೆ ಬಳಿದೆ. ಎರಡು ವಾರ ಉಳಿದಿದೆ.

ಅಕ್ಟೋಬರ್ 3, ಶುಕ್ರವಾರ

ಮುಗಿಯಿತು.

ಹಲ್ಲಿನ ವೈದ್ಯರ ಬಳಿ ಹೋಗಿದ್ದೆ. ಎರಡು ಗಂಟೆ. ಬರುವಷ್ಟರಲ್ಲಿ ಹಿಂದಿನ ಮೂಲೆಯ ಅಲ್ಯೂಮಿನಿಯಂ ಪಟ್ಟಿಯನ್ನು ಕಿತ್ತು ಬಗ್ಗಿಸಿ, ಹಿಂದೀಪಕ್ಕೆ ಹೋಗುವ ವೈರುಗಳನ್ನು ಜಗಿದು ಹಾಕಿವೆ. ತಗಡಿನ ಮೇಲೆ ಹಲ್ಲಿನ ಗುರುತು ಸಾಲಾಗಿ ಕೂತಿದೆ, ಯಾರ ಬಾಯಿಯದೆಂದು ಮುದ್ರೆ ಒತ್ತಿದ ಹಾಗೆ. ಪಟ್ಟಿ ಬೇರೆ ಊರಿಂದ ಬರಬೇಕು, ಮೂರು ವಾರ ಅಂದರು ಅಂಗಡಿಯವರು.

ಸೈಮಿ ಪಾಸ್ಟಿ, ಅಂದರೆ ಮಾಂಸದ ಕಡುಬು ಬೇಯಿಸುವ ಅಂಗಡಿಯ ಕೆಲಸ ಮುಗಿಸಿ ಬಂದವಳು ಮೈಯೆಲ್ಲ ಹಿಟ್ಟು ಮೆತ್ತಿಕೊಂಡೇ ಮೂಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡಿದಳು.

‘ಕೊಟ್ಬಿಡೋಣ ಅಪ್ಪ. ಬರೆದುಕೊಟ್ಟಾಗಿದೆಯಲ್ಲ.’

‘ಎರಡು ನಾಯಿ ತಾನೆ, ಹೋದ್ರೆ ಪೀಡೆ ಹೋಯ್ತು,’ ಅಂದೆ. ಅವಳಿಗೆ ಸಮಾಧಾನವಾಗಲಿ ಎಂದೇ ಅಂದದ್ದು.

ಅವಳು ಎದ್ದು ಏಪ್ರನ್ ಕೊಡವಿದಳು. ‘ಬೆಳಿಗ್ಗೆ ಮೂರೂವರೆಗೆ ಅಲಾರಂ ಹೊಡೆಯತ್ತೆ. ನಂಗೆ ಕೇಳ್ಸತ್ತೆ, ಆದ್ರೆ ಏಳಬೇಕು ಅನ್ಸಲ್ಲ. ಯಾಕೆ ಏಳ್ಬೇಕು ಅನ್ಸತ್ತೆ. ಆಮೇಲೆ ಗಸ್ ಬಂದು ಮುಖ ನೆಕ್ತಾನೆ, ಮೇಬಲ್ ಹೊದಿಕೆ ಎಳೀತಾಳೆ. ಅವಕ್ಕೆ ಹೊರಗೆ ಹೋಗ್ಬೇಕಲ್ಲ, ಅದಕ್ಕೆ ಏಳ್ತೀನಿ. ಎದ್ಮೇಲೆ ಉಳಿದಿದ್ದೆಲ್ಲ ಹೆಂಗೋ ಆಗತ್ತೆ.’

ಅಷ್ಟು ಹೇಳಿ ಒಳಗೆ ಹೋದಳು. ನಾನು ಅಂಗಳದಲ್ಲೇ ನಿಂತಿದ್ದೆ. ಆ ಮಧ್ಯಸ್ಥಗಾರ್ತಿಯ ಮುಂದೆ ‘ಬರ್ಕೊಳ್ಳಮ್ಮ’ ಅಂದವನು ಡ್ವೇನ್ ಅಲ್ಲ, ನಾನು. ಈ ಬಾಯಿಗೆ ಯಾರಾದರೂ ಅವತ್ತೇ ಸೋಪು ತುರುಕಬೇಕಿತ್ತು.

ಅಕ್ಟೋಬರ್ 8, ಬುಧವಾರ

ಇನ್ನು ಮೂರು ದಿನ. ಹಾಳೆ ಹೊಸದು ಹಾಕಿದೆ. ವೈರು ಜೋಡಿಸಿದೆ. ತಗಡಿನ ಮೇಲಿನ ಹಲ್ಲಿನ ಗುರುತುಗಳು ಏನು ಮಾಡಿದರೂ ಹೋಗುವುದಿಲ್ಲ. ಉಜ್ಜಿದಷ್ಟೂ ಹೊಳೆಯುತ್ತವೆ.

ಅಕ್ಟೋಬರ್ 11, ಶನಿವಾರ

ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಏಳೂವರೆಗೆ, ಕೆಲಸಕ್ಕೆ ರಜೆ ಹಾಕಿದ್ದ ಸೈಮಿ ಇನ್ನೂ ಕಾಫಿ ಮಾಡುತ್ತಿದ್ದಾಗ, ನನ್ನ ಪಿಕಪ್ಪನ್ನು ಕ್ಯಾಂಪರಿಗೆ ಬೆನ್ನು ಮಾಡಿ ನಿಲ್ಲಿಸಿದೆ. ಹಿಂದಿನ ಗೇರಿಗೆ ಹಾಕಿದೆ. ಕನ್ನಡಿಯಲ್ಲಿ ಆ ಮೂಲೆ ಹತ್ತಿರ ಬಂತು, ಇನ್ನೇನು ಒಂದು ಅಡಿ ಅನ್ನುವಾಗ ಬ್ರೇಕು ಬಿತ್ತು. ನಾನು ಒತ್ತಲಿಲ್ಲ, ಕಾಲು ತಾನೇ ಒತ್ತಿತು. ಮುಂದೆ ಹೋಗಿ ಮತ್ತೆ ಬಂದೆ. ಮತ್ತೆ ಒಂದು ಅಡಿಗೆ ಬ್ರೇಕು. ಮೂವತ್ತೊಂದು ವರ್ಷದ ಅಭ್ಯಾಸ, ಹೇಳಿದರೆ ಕೇಳುತ್ತದೆಯೇ. ಬೆವರು ಹರಿಯಿತು. ಮೂರನೆಯ ಸಲ ಬಲಗಾಲನ್ನು ಮಡಚಿ ಸೀಟಿನ ಮೇಲಿಟ್ಟುಕೊಂಡೆ. ಗಾಡಿ ತಾನಾಗಿಯೇ ಮೆಲ್ಲಗೆ ಹಿಂದೆ ಹೋಗಿ ಗುದ್ದಿತು.

ಆ ಸದ್ದು ನನ್ನ ಹಲ್ಲಿಗೆ ತಾಗಿತು. ಇಳಿದು ನೋಡಿದೆ. ಮೂಲೆ ಪೂರಾ ಒಳಗೆ ಕುಸಿದು, ಪಟ್ಟಿ ನುಜ್ಜುಗುಜ್ಜಾಗಿ, ದೀಪ ಒಡೆದಿತ್ತು. ಹಲ್ಲಿನ ಗುರುತು ಒಂದೂ ಇಲ್ಲ. ಅಚ್ಚುಕಟ್ಟಾದ ಕೆಲಸ.

ಸೈಮಿ ಕೈಯಲ್ಲಿ ಲೋಟ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು.

‘ಅಪ್ಪ, ಏನ್ಮಾಡಿದ್ರಿ?’

‘ಕಾಣ್ಲಿಲ್ಲ,’ ಅಂದೆ.

ಇಪ್ಪತ್ತೆರಡು ಅಡಿ ಉದ್ದದ ಬಿಳಿ ಕ್ಯಾಂಪರ್. ಅವಳು ಮೂಲೆ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಬಂದು ಲೋಟ ನನ್ನ ಕೈಗಿಟ್ಟಳು. ಅದು ಅವಳ ಲೋಟ.

ಹತ್ತು ಗಂಟೆಗೆ ಡ್ವೇನ್ ಬಂದ. ನಾಯಿಗಳು ಅವನ ಮೇಲೆ ಬಿದ್ದ ಪರಿ ನೋಡಲಾಗುತ್ತಿರಲಿಲ್ಲ. ಗಸ್ ಅಳುತ್ತಿದ್ದ, ನಾಯಿಗಳು ಅಳುವುದಾದರೆ. ಅವನು ಬಾಗಿಲು ತೆರೆದದ್ದೇ ಮೇಬಲ್ ಕ್ಯಾಂಪರಿನ ಒಳಗೆ ಹಾರಿ ಅವನು ಮಾಡಿದ ಬೆಂಚಿನ ಮೇಲೆ ಹೋಗಿ ಕೂತಳು. ಹಡಗಿನ ಗಾಳಿಗೆ ಅವನ ಮುಖ ಕಪ್ಪಿಟ್ಟಿತ್ತು, ಇಳಿದೂ ಹೋಗಿತ್ತು. ಸೈಮಿಯ ಕಡೆ ತಲೆ ಆಡಿಸಿದ, ಅವಳೂ ಆಡಿಸಿದಳು. ಒಂಬತ್ತು ವರ್ಷದ ಮೇಲೆ ಉಳಿದದ್ದು ಅಷ್ಟು.

ಆಮೇಲೆ ಹಿಂದೆ ಹೋಗಿ ಮೂಲೆ ನೋಡಿದ.

‘ಇದೇನಿದು?’

ಬೇಲಿಯ ಆಚೆ ರೋಲಂಡ್ ಬಂದು ನಿಂತಿದ್ದ, ಕಿವಿ ಮುಂದೆ ಮಾಡಿಕೊಂಡು. ಅವನಿಗೆ ಹೇಳಿದರೆ ಮಧ್ಯಾಹ್ನದೊಳಗೆ ಇಡೀ ಕೌಂಟಿಗೆ ಹೇಳಿದ ಹಾಗೆ. ಬೇಲಿಯ ಕಡೆ ಬೆನ್ನು ಮಾಡಿ ನಿಂತೆ.

‘ನಾನೇ ಗುದ್ದಿದೆ. ಬೆಳಿಗ್ಗೆ, ರಿವರ್ಸ್ ಬರೋವಾಗ.’

‘ನೀವಾ?’ ಅಂದ ಡ್ವೇನ್.

‘ನಾನೇ.’

‘ಆರ್ವೋ ಹೈಕಿಲಾ?’

‘ಎಷ್ಟು ಸಲ ಹೇಳಿಸ್ತೀಯ? ನಾನೇ ಗುದ್ದಿದ್ದು, ನಾನೇ ಸರಿಮಾಡ್ತೀನಿ. ಇವತ್ತು ಹೊರಡೋಷ್ಟು ಮಾಡ್ಕೊಡ್ತೀನಿ, ಪಟ್ಟಿ ಬಂದ್ಮೇಲೆ ನಾನೇ ಬಂದು ಹಾಕ್ತೀನಿ. ನಾಯಿಗಳ ತಂಟೆ ಇದರಲ್ಲಿಲ್ಲ.’

ಬೇಲಿಯ ಆಚೆಯಿಂದ ‘ಅಯ್ಯೋ ದೇವ್ರೇ’ ಎಂದು ಸಂತೋಷದ ಉದ್ಗಾರ ಕೇಳಿತು.

ಇಬ್ಬರೂ ಕ್ಯಾಂಪರಿನ ಅಡಿಗೆ ತೆವಳಿದೆವು. ಕುಸಿದ ತಗಡನ್ನು ಒಳಗಿನಿಂದ ಬಡಿದು ಹೊರತಂದೆವು. ಅವನಿಗೆ ಸುತ್ತಿಗೆ ಹಿಡಿಯಲು ಬರುತ್ತದೆ. ಬಡಿಯುತ್ತಿದ್ದವನು ತಟ್ಟನೆ ನಿಲ್ಲಿಸಿದ. ಒಂದು ಬೆರಳಿನಿಂದ ಚೌಕಟ್ಟು ಒರೆಸಿ ಮೂಗಿಗೆ ಹಿಡಿದ. ಪಕ್ಕದಲ್ಲಿ ನಾನು ಜೋಡಿಸಿದ ವೈರಿನ ಕಡೆ ನೋಡಿದ. ರಬ್ಬರಿನ ಒಂದು ತುದಿಯಲ್ಲಿ ನಾಲ್ಕು ಹಲ್ಲಿನ ಗುರುತು ಉಳಿದುಬಿಟ್ಟಿತ್ತು. ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ನಾನು ಸ್ಪ್ಯಾನರ್ ಹುಡುಕುವವನ ಹಾಗೆ ಆಚೆ ತಿರುಗಿದೆ.

‘ಅಡಿಗೆ ಏನು ಹೊಡೆದಿದೀರಿ?’

‘ಉಣ್ಣೆಜಿಡ್ಡು. ನೀನು ತುಕ್ಕು ಹಿಡಿಸಿ ಇಟ್ಟಿದ್ಯಲ್ಲ, ಅದಕ್ಕೆ.’

‘ಎಷ್ಟು ಸಲ?’

‘ಅವು ಪ್ರತಿ ಸಲ...’ ಎಂದು ಬಾಯಿಗೆ ಬಂದದ್ದನ್ನು ನುಂಗಿದೆ. ‘ಐದಾರು ಸಲ.’

ಅವನು ಬೆನ್ನ ಮೇಲೆ ಮಲಗಿ ನಗಲು ಶುರುಮಾಡಿದ. ಸದ್ದಿಲ್ಲದೆ, ಹೊಟ್ಟೆ ಕುಣಿಯುವ ಹಾಗೆ. ಆಮೇಲೆ ರೋಲಂಡನಿಗೆ ಕೇಳದಂತೆ ಮೆಲ್ಲಗೆ ಹೇಳಿದ: ‘ಆರ್ವೋ, ಇದು ಕುರಿಕೊಬ್ಬು. ನಾಯಿಗಳಿಗೆ ಇದಕ್ಕಿಂತ ರುಚಿ ಇನ್ನೊಂದಿಲ್ಲ. ನಮ್ಮ ಹಡಗಲ್ಲಿ ಒಬ್ಬನ ನಾಯಿ ಇದರ ಡಬ್ಬಾನೇ ನುಂಗಿತ್ತು. ನೀವು ಆರು ವಾರ ಅವಕ್ಕೆ ಊಟ ಬಡಿಸಿದೀರಿ.’

ನಾನು ಮೇಲಿನ ಕಬ್ಬಿಣವನ್ನೇ ನೋಡುತ್ತಾ ಮಲಗಿದ್ದೆ. ಇಲಾಖೆಯ ಶೆಡ್ಡಿಗೆ ನಾಯಿಗಳನ್ನು ಬಿಡುತ್ತಿರಲಿಲ್ಲ. ನನಗೆ ಹೇಗೆ ಗೊತ್ತಾಗಬೇಕು?

ಅವನು ಜೇಬಿನಿಂದ ಚಾಕು ತೆಗೆದು ಹಲ್ಲಿನ ಗುರುತಿದ್ದ ರಬ್ಬರನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡ. ‘ಗುದ್ದಿದಾಗ ಹರಿದಿರಬೇಕು,’ ಅಂದ.

ಮೂರು ಗಂಟೆಗೆ ಕೆಲಸ ಮುಗಿಯಿತು. ಶನಿವಾರ, ಹಬೆಸ್ನಾನದ ಸೌನಾ ಕೋಣೆ ಕಾದಿತ್ತು. ಮೈಯೆಲ್ಲ ಜಿಡ್ಡಾದವನನ್ನು ಹಾಗೇ ಕಳಿಸಿದರೆ ನನ್ನ ಮನೆಯ ಮರ್ಯಾದೆ ಏನಾಗಬೇಕು? ‘ಒಂದು ಸುತ್ತು ಬೆವರಿ ಹೋಗು,’ ಅಂದೆ. ಬಂದ. ಕಲ್ಲಿಗೆ ನೀರು ಹಾಕುವಾಗ ಮಾತಾಡಲಿಲ್ಲ, ಅದೊಂದು ಗುಣ ಅವನಿಗೆ ಯಾವಾಗಲೂ ಇತ್ತು.

ಹೊರಡುವ ಮುಂಚೆ ಡ್ವೇನ್ ಆ ಒಪ್ಪಂದದ ಕಾಗದ ತೆಗೆದು ಟ್ರಕ್ಕಿನ ಬಾನೆಟ್ಟಿನ ಮೇಲಿಟ್ಟು ಬರೆದ: ‘ನಾಯಿಗಳಿಂದ ಹಾನಿ: ಇಲ್ಲ.’ ಸಹಿ ಹಾಕಿದ. ಕ್ಯಾಂಪರಿನ ಒಳಗೆ ಹೋದ. ಸ್ವಲ್ಪ ಹೊತ್ತು ಬರಲಿಲ್ಲ. ಬರುವಾಗ ಮೇಬಲ್‌ಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಸೈಮಿಯ ಮುಂದೆ ನಿಲ್ಲಿಸಿದ. ಅವನ ಕಣ್ಣು ಕೆಂಪಗಿತ್ತು. ಸೌನಾದ ಬಿಸಿ ಇರಬಹುದು.

ಕ್ಯಾಂಪರ್ ತಿರುವು ದಾಟಿದ ಮೇಲೂ ನಾಯಿಗಳು ರಸ್ತೆಯಂಚಿನಲ್ಲಿ ನಿಂತಿದ್ದವು. ಸೈಮಿ ಅವುಗಳ ನಡುವೆ ಕೂತಿದ್ದಳು. ನಾನು ಒಳಗೆ ಬಂದೆ.

ಗುದ್ದಿದ್ದು: ಹೌದು.

ಅಕ್ಟೋಬರ್ 14, ಮಂಗಳವಾರ

ಬೆಳಿಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ನುಜ್ಜಾದ ಒಂದು ಟಪಾಲು ಡಬ್ಬಿ, ಕೆಂಪು ರಿಬ್ಬನ್ ಕಟ್ಟಿದ್ದು. ‘ಸಂಘಕ್ಕೆ ಸ್ವಾಗತ’ ಎಂದು ಚೀಟಿ, ಇಲಾಖೆಯ ಏಳು ಚಾಲಕರ ಸಹಿ. ಕಾಫಿ ಅಂಗಡಿಗೆ ಹೋದರೆ ಎಲ್ಲರೂ ಕುರ್ಚಿ ಎಳೆದುಕೊಂಡು ಜಾಗ ಬಿಟ್ಟರು, ‘ದಾರಿ ಬಿಡ್ರೋ, ಆರ್ವೋ ರಿವರ್ಸ್ ಬರ್ತಿದಾನೆ’ ಎಂದು. ಮೂವತ್ತೊಂದು ವರ್ಷ ಇದೇ ದಿನಕ್ಕಾಗಿ ಕಾದಿದ್ದವರ ಹಾಗೆ ನಕ್ಕರು. ಕೆಲಸವಿಲ್ಲದ ಜನ.

ಸೈಮಿ ಡಬ್ಬಿಯನ್ನು ಎಸೆಯಲು ಬಿಡಲಿಲ್ಲ. ಒಲೆಯ ಪಕ್ಕ ಇಟ್ಟು ನಾಯಿಗಳ ಬಿಸ್ಕತ್ತು ತುಂಬಿದ್ದಾಳೆ.

ಅಕ್ಟೋಬರ್ 15, ಬುಧವಾರ

ರ‍್ಯಾಕಿನಲ್ಲಿ ಉಣ್ಣೆಜಿಡ್ಡಿನ ಡಬ್ಬ ಕಂಡಿತು. ಆಗ ಹೊಳೆಯಿತು. ಬೂಟು! ನನ್ನ ಬೂಟಿನ ಮೇಲೆ ಗಲ್ಲ ಇಟ್ಟು ಮಲಗುತ್ತಿದ್ದದ್ದು ಇದಕ್ಕೇ. ಯಜಮಾನನಂತೆ, ಗೌರವವಂತೆ! ನಾನೊಂದು ಕುರಿಕೊಬ್ಬಿನ ತಟ್ಟೆ, ಅಷ್ಟೆ.

ಯಾಕೋ ತುಂಬಾ ಬೇಜಾರಾಯಿತು. ನಾಯಿಗಳ ವಿಷಯಕ್ಕೆ ಬೇಜಾರು ಮಾಡಿಕೊಳ್ಳುವಷ್ಟು ಕೆಳಗಿಳಿದೆನಲ್ಲ ಎಂದು ಇನ್ನಷ್ಟು ಬೇಜಾರಾಯಿತು. ಬೂಟುಗಳನ್ನು ಬಿಸಿನೀರು, ಸೋಪು ಹಾಕಿ ತಿಕ್ಕಿದೆ. ಹನ್ನೊಂದು ವರ್ಷದ ಜಿಡ್ಡು ಹೋಯಿತು. ಇನ್ನು ನೀರು ಒಳಗೆ ಬರುತ್ತದೆ, ಬರಲಿ.

ಅಕ್ಟೋಬರ್ 19, ಭಾನುವಾರ

ಮೊದಲ ಹಿಮ, ನೆಲ ಮುಚ್ಚುವಷ್ಟು. ಅಂಗಳದಲ್ಲಿ ಕ್ಯಾಂಪರ್ ನಿಂತಿದ್ದ ಜಾಗದಲ್ಲಿ ಗಸ್ ಒಮ್ಮೆ ಸುತ್ತು ಹಾಕಿ ಬಂದ. ಸೈಮಿ ಇವತ್ತು ಅಲಾರಮ್ಮಿಗೂ ಮುಂಚೆ ಎದ್ದಿದ್ದಳು, ಹಾಡು ಗುನುಗುತ್ತಿದ್ದಳು, ಶ್ರುತಿ ಎಲ್ಲೂ ಸೇರುತ್ತಿರಲಿಲ್ಲ.

ಬೂಟುಗಳನ್ನು ಇವತ್ತು ನಾಲ್ಕನೆಯ ಸಲ ತೊಳೆದೆ. ವಿನಿಗರ್ ಕೂಡ ಹಾಕಿದೆ. ಮೂಗು ಹತ್ತಿರ ತಂದು ನೋಡಿದೆ, ಚರ್ಮದ ವಾಸನೆಯೂ ಉಳಿದಿಲ್ಲ. ಈಗ ರೇಡಿಯೋ ಹಾಕಿ ಇದನ್ನು ಬರೆಯುತ್ತಿದ್ದೇನೆ. ಗಸ್ ಎಡ ಬೂಟಿನ ಮೇಲೆ, ಮೇಬಲ್ ಬಲ ಬೂಟಿನ ಮೇಲೆ, ಇಬ್ಬರೂ ಗೊರಕೆ. ಕಾಲು ಜೋಮು ಹಿಡಿದು ಅರ್ಧ ಗಂಟೆಯಾಯಿತು.

ಈಗಿನ ಸೋಪುಗಳು ಯಾವ ಕೆಲಸಕ್ಕೂ ಬರುವುದಿಲ್ಲ.

ಗುದ್ದಿದ್ದು: ಇಲ್ಲ.